ಓರೆಯಾಗಿ ಹಾಕಿದ ಎರಡು ಕುರ್ಚಿ

ಮನುಷ್ಯನಿಗೆ ನುಡಿಯನ್ನು ಕೊಡುವ ಮೊದಲೇ ಕಿವಿಯನ್ನು ಕರುಣಿಸಿದ ವಾಗ್ದೇವಿಗೆ ನಮನ. ಶಿಶುವು ಮೊದಲ ತೊದಲಿಗೆ ಮುನ್ನ ವರ್ಷಕಾಲ ಕೇಳುತ್ತಲೇ ಇರುತ್ತದೆ. ಆ ಕ್ರಮವನ್ನು ಮರೆಯದ ಹೆಣ್ಣುಮಗಳೊಬ್ಬರ ವೃತ್ತಾಂತವನ್ನು ಹೇಳಲು ಆ ತಾಯಿ ಈ ಲೇಖನಿಗೆ ವಿನಯವನ್ನು ದಯಪಾಲಿಸಲಿ.

ಶನಿವಾರ, ಬೆಳಗಿನ ಆರೂಕಾಲು. ಶಾಲೆಯ ಮಹಡಿ ಮೆಟ್ಟಿಲ ಪಕ್ಕದ ಗ್ರಂಥಾಲಯದಲ್ಲಿ ಸಹಾಯಕಿಯೊಬ್ಬರು ನೆಲ ಗುಡಿಸಿ, ಕಪಾಟಿನ ಧೂಳು ಒರೆಸಿ, ಎರಡು ಕುರ್ಚಿಗಳನ್ನು ಹಾಕುತ್ತಿದ್ದಾರೆ. ಎದುರುಬದುರಾಗಿ ಅಲ್ಲ, ತುಸು ಓರೆಯಾಗಿ. ಅವರ ಬಗ್ಗೆ ಬರೆಯಲು ಬಂದ ನಾನು ಏಕೆಂದು ಕೇಳುತ್ತೇನೆ.

"ನೇರ ಎದುರಿಗೆ ಕೂರಿಸಿದ್ರೆ ಪೊಲೀಸ್ ಸ್ಟೇಷನ್ ಆಗುತ್ತೆ ಸರ್. ಬಂದೋರು ಏನೂ ಕದೀದೆ ಇದ್ರೂ ಬೆವರ್ತಾರೆ!"

ಐವತ್ತೆರಡು ವರ್ಷದ ಇವರು ಮಕ್ಕಳ ಬಾಯಲ್ಲಿ 'ಲೈಬ್ರರಿ ಅಕ್ಕ'. ದಾಖಲೆಯ ಪ್ರಕಾರ ಪುಸ್ತಕ ಕೊಡುವುದು, ಹಿಂಪಡೆಯುವುದು, ಹರಿದದ್ದಕ್ಕೆ ಅಂಟು ಹಚ್ಚುವುದಷ್ಟೇ ಇವರ ಕೆಲಸ. ಆದರೆ ಪ್ರತಿ ಶನಿವಾರ ಒಂದು ಗಂಟೆ, ಆರನೆಯ ತರಗತಿಯ ನಲವತ್ತೊಂದು ಮಕ್ಕಳಿಗೆ ಇವರು ಸಂದರ್ಶನದ ವಿದ್ಯೆಯನ್ನು ಕಲಿಸುತ್ತಾರೆ. ನಲ್ಲಿ ರಿಪೇರಿಯವರು, ದಾದಿಯರು, ಬಸ್ ಚಾಲಕರು, ಚಪ್ಪಲಿ ಹೊಲಿಯುವವರು, ಹೀಗೆ ಹನ್ನೊಂದು ವರ್ಷಗಳಲ್ಲಿ ಮುನ್ನೂರಕ್ಕೂ ಮಿಕ್ಕ ದುಡಿಯುವ ಜನ ಈ ಕುರ್ಚಿಯಲ್ಲಿ ಕುಳಿತು ಮಕ್ಕಳಿಗೆ ಉತ್ತರ ಕೊಟ್ಟು ಹೋಗಿದ್ದಾರೆ.

ಅದಕ್ಕೆ ಮೊದಲು ಅಕ್ಕ ಸಮೀಕ್ಷೆಯ ಕಾಗದ ಹಿಡಿದು ಮನೆಮನೆ ಅಲೆಯುತ್ತಿದ್ದವರು. ದಿನಕ್ಕೆ ಮೂವತ್ತು ಬಾಗಿಲು. ಅರ್ಧದಷ್ಟು ಮುಖದ ಮೇಲೇ ಮುಚ್ಚುತ್ತಿದ್ದವು. "ಎಲ್ಲಾ ಬರ್ಕೊಂಡು ಪೆನ್ನಿಗೆ ಮುಚ್ಚಳ ಹಾಕಿದ ಮೇಲೇ ಜನ ನಿಜವಾದ ಮಾತು ಶುರು ಮಾಡ್ತಿದ್ರು. ಅದಕ್ಕೆ ನನ್ನ ಕಾಗದದಲ್ಲಿ ಜಾಗಾನೇ ಇರ್ಲಿಲ್ಲ," ಎನ್ನುತ್ತಾರೆ.

ಆದರೂ ಮೊದಲ ವರ್ಷ ಅವರೇ ಎಡವಿದರು. ಹುಡುಗನೊಬ್ಬನಿಗೆ ಹತ್ತು ಪ್ರಶ್ನೆ ಬರೆದುಕೊಟ್ಟು ಶಾಲೆಯ ಕಾವಲುಗಾರರ ಮುಂದೆ ಕೂರಿಸಿದರು. "ಮನೇಲಿ ಯಾರ್ಯಾರಿದ್ದೀರಿ?" ಎಂದ ಹುಡುಗ. "ಈಗ ಒಬ್ನೇ ಕಂದ. ಹೆಂಡತಿ ತೀರ್ಕೊಂಡು ಎರಡು ತಿಂಗಳಾಯ್ತು," ಎಂದರು ಅವರು. ಹುಡುಗ ಕಾಗದದಿಂದ ಕಣ್ಣೆತ್ತಲಿಲ್ಲ: "ನಿಮ್ಮ ಹೆಂಡತಿ ಏನ್ ಕೆಲಸ ಮಾಡ್ತಾರೆ?"

"ತಪ್ಪು ಅವನದ್ದಲ್ಲ ಸರ್, ನಂದು. ಕಣ್ಣನ್ನ ಕಾಗದಕ್ಕೆ ಕಟ್ಟಿಹಾಕಿದ್ರೆ ಕಿವಿ ಎಲ್ಲಿ ಕೆಲಸ ಮಾಡುತ್ತೆ?" ಅಂದಿನಿಂದ ಅಕ್ಕನ ಕಟ್ಟಳೆ ಇದು: ಬರೆದ ಪ್ರಶ್ನೆ ಮೂರೇ. ನಾಲ್ಕನೆಯದು ಕೇಳಿಸಿಕೊಂಡ ಉತ್ತರದಿಂದಲೇ ಹುಟ್ಟಬೇಕು. ಅದು ಹುಟ್ಟುವತನಕ ಸುಮ್ಮನಿರಬೇಕು. ಶ್ರವಣವನ್ನು ಮೊದಲಿಟ್ಟು ಮನನವನ್ನು ಅನಂತರ ಇಟ್ಟ ಪ್ರಾಚೀನರು ಈ ಕೋಣೆಗೆ ಬಂದಿದ್ದರೆ ತಲೆದೂಗುತ್ತಿದ್ದರು.

ಆದರೆ ಈ ಶನಿವಾರವೇ ಕಡೆಯದಾಗಬಹುದು. ಗಣಿತದ ಅಂಕಗಳು ಕುಸಿದಿವೆ. ಆ ಗಂಟೆ ಗಣಿತಕ್ಕೆ ಬೇಕೆಂದು ಮುಖ್ಯೋಪಾಧ್ಯಾಯರ ಹಟ. "ಹರಟೆಗೊಂದು ಪೀರಿಯಡ್ ಯಾಕಮ್ಮಾ?" ಎಂದಿದ್ದಾರೆ. "ಒಂದ್ಸಲ ನೀವೇ ಬಂದು ಆ ಕುರ್ಚೀಲಿ ಕೂತು ಉತ್ತರ ಕೊಟ್ಟು ನೋಡಿ ಸರ್. ಆಮೇಲೆ ತೀರ್ಮಾನ ಮಾಡಿ," ಎಂದಿದ್ದಾರೆ ಅಕ್ಕ.

ಪ್ರಶ್ನೆ ಕೇಳಲು ಅವರು ಆರಿಸಿರುವುದು 'ಗುಬ್ಬಿ' ಎಂಬ ಅಡ್ಡಹೆಸರಿನ ಹುಡುಗಿಯನ್ನು. ಗಣಿತದ ಟೀಚರು ಹಣೆ ಚಚ್ಚಿಕೊಳ್ಳುತ್ತಾರೆ: "ಅವಳನ್ನಾ? ಅವಳ ಬಾಯಿಗೆ ಬೀಗ ಮಾಡೋನು ಇನ್ನೂ ಹುಟ್ಟಿಲ್ಲ. ಕೆಟ್ರಿ ನೀವು!"

"ಸುಮ್ನಿರೋಕೆ ಬರೋ ಮಗೂನ ಕೂರಿಸಿದ್ರೆ, ನಾನೇನು ಕಲಿಸ್ದೆ ಅಂತ ಗೊತ್ತಾಗೋದು ಹೇಗೆ ಟೀಚರೇ?"

ಹತ್ತು ಗಂಟೆ. ಮುಖ್ಯೋಪಾಧ್ಯಾಯರು ಗಡಿಯಾರ ನೋಡುತ್ತಲೇ ಕೂರುತ್ತಾರೆ. ಏಕೆ ಮೇಷ್ಟ್ರಾದಿರಿ ಎಂಬುದು ಗುಬ್ಬಿಯ ಮೊದಲ ಪ್ರಶ್ನೆ. "ಪಾಠ ಮಾಡೋದು ಅಂದ್ರೆ ನನಗೆ ಪ್ರಾಣ ಕಣಮ್ಮ." ಎರಡನೆಯದು ಊರಿನ ಬಗ್ಗೆ. ಮೂರನೆಯದು, ದಿನವಿಡೀ ಏನು ಮಾಡುತ್ತೀರಿ ಎಂದು. "ಬಂದ ತಕ್ಷಣ ಫೈಲು, ಆಮೇಲೆ ಮೀಟಿಂಗು, ಸಂಜೆವರೆಗೂ ಸಹಿ. ಕುರ್ಚಿ ಬಿಟ್ಟು ಏಳೋಕೇ ಆಗಲ್ಲ."

ಗುಬ್ಬಿ ಕಾಗದ ಮಡಿಸುತ್ತಾಳೆ. ತುಟಿ ಅಲುಗುತ್ತದೆ, ಮಾತು ಹೊರಡದು. ಹಿಂದಿನ ಬೆಂಚಿನಲ್ಲಿ ಯಾರೋ ಕೆಮ್ಮುತ್ತಾರೆ. ಅಕ್ಕ ಕಪಾಟಿಗೆ ಒರಗಿ ನಿಂತಲ್ಲೇ ನಿಂತಿದ್ದಾರೆ, ಕಣ್ಸನ್ನೆಯನ್ನೂ ಮಾಡುವುದಿಲ್ಲ.

"ಸರ್, ಪಾಠ ಅಂದ್ರೆ ಪ್ರಾಣ ಅಂದ್ರಿ. ಸಂಜೆವರೆಗೂ ಸಹಿ ಹಾಕ್ತೀನಿ ಅಂತಾನೂ ಅಂದ್ರಿ. ಹಾಗಾದ್ರೆ ಪಾಠ ಯಾವಾಗ ಮಾಡ್ತೀರಿ?"

ಮುಖ್ಯೋಪಾಧ್ಯಾಯರು ಕನ್ನಡಕ ತೆಗೆದು ಒರೆಸುತ್ತಾರೆ. ಗುಬ್ಬಿ ಕಾಯುತ್ತಾಳೆ. "ಏಳು ವರ್ಷ ಆಯ್ತಮ್ಮ, ಚಾಕ್‌ಪೀಸ್ ಹಿಡಿದು," ಎನ್ನುತ್ತಾರೆ ಕೊನೆಗೆ. ಆಮೇಲೆ ತಾವಾಗಿಯೇ ತಮ್ಮ ಮೊದಲ ತರಗತಿಯ ಕಥೆ ಹೇಳತೊಡಗುತ್ತಾರೆ. ಗಂಟೆ ಬಾರಿಸಿದರೂ ಏಳುವುದಿಲ್ಲ.

ಬಾಗಿಲ ಬಳಿ ನಿಂತು ಅವರು ಅಕ್ಕನಿಗೆ ಹೇಳುವುದಿಷ್ಟು: "ಗಣಿತಕ್ಕೆ ಒಂದು ಗಂಟೆ ಬೇಕೇ ಬೇಕಮ್ಮ. ಸೋಮವಾರ ಬೆಳಿಗ್ಗೆ ಎಂಟಕ್ಕೆ ಮಕ್ಕಳನ್ನ ಬರಹೇಳಿ, ನಾನೇ ಕ್ಲಾಸ್ ತಗೋತೀನಿ. ಶನಿವಾರ ನಿಮ್ಮದೇ ಇರ್ಲಿ."

ಇನ್ನೇನು ಬೇಕು ಎಂದು ನಾನು ಅಕ್ಕನನ್ನು ಕೇಳುತ್ತೇನೆ. ಅವರು ತಡಮಾಡದೆ ಹೇಳುತ್ತಾರೆ: "ಐದನೇ ಕ್ಲಾಸನ್ನೂ ಕೊಡ್ಲಿ ಸರ್. ಒಂದು ವರ್ಷ ಮುಂಚೆ ಕೈಗೆ ಸಿಕ್ಕಿದ್ರೆ, ಈ ಮಕ್ಕಳು ನಿಮ್ಮನ್ನೂ ಈ ಕುರ್ಚೀಲಿ ಕೂರಿಸದೆ ಬಿಡಲ್ಲ."

ಇದನ್ನು ಓದಿದವರ, ಓದಿಸಿ ಕೇಳಿದವರ ಮನೆಗಳಲ್ಲಿ ಮಕ್ಕಳ ಪ್ರಶ್ನೆ ಬತ್ತದಿರಲಿ. ಹಿರಿಯರ ತಾಳ್ಮೆ ತೀರದಿರಲಿ. ಕೇಳುವ ಕಿವಿಯೊಂದು ಪ್ರತಿ ಜೀವಕ್ಕೂ ದೊರೆಯಲಿ. ಸರ್ವರಿಗೂ ಮಂಗಳವಾಗಲಿ.