ಅತ್ತೆಯ ಟ್ರಂಕಿನ ಪುಸ್ತಕಗಳು

ಓಣಿಗೊಂದು ಮೊಬೈಲ್ ಬಂದಿದ್ದ ಕಾಲ ಅದು. ಮೆಣಸಿನಕಾಯಿ ಸುಗ್ಗಿ ಶುರುವಾಯಿತೆಂದರೆ ಬ್ಯಾಡಗಿಯ ನಮ್ಮ ಮನೆಯಲ್ಲಿ ಸೀನದೆ ಮಾತಾಡಿದವರಿಲ್ಲ. ಪಡಸಾಲೆಯಲ್ಲಿ ಕೆಂಪು ರಾಶಿ ಸುರುವಿಕೊಂಡು ಅಜ್ಜಿ, ಗಿರಿಜತ್ತೆ, ಪಕ್ಕದ ಮನೆಯ ಫಕೀರವ್ವ ತೊಟ್ಟು ಬಿಡಿಸುತ್ತ ಕೂರುತ್ತಿದ್ದರು. ಗಿರಿಜತ್ತೆ ಅಪ್ಪನ ತಂಗಿ. ಆ ವರ್ಷ ಆಕೆಯ ಮದುವೆ ರಾಣೆಬೆನ್ನೂರಿನ ಮನೆತನದೊಂದಿಗೆ ನಿಶ್ಚಯವಾಗಿತ್ತು.

ಅತ್ತೆಗೆ ಮದುವೆಗಿಂತ ದೊಡ್ಡ ಚಿಂತೆ ಎಂದರೆ ಒಂದು ಟ್ರಂಕು ಪುಸ್ತಕ. ಹಾವೇರಿಯ ಕಾಲೇಜಿಗೆ ಹೋಗುತ್ತಿದ್ದಾಗ ಹಳೇ ಪುಸ್ತಕದ ಅಂಗಡಿಯಲ್ಲಿ ಕೊಂಡು, ಪರೀಕ್ಷೆ ಮುಗಿದ ಮೇಲೆ ಓದಿದರಾಯಿತು ಎಂದು ಕೂಡಿಟ್ಟವು. ಹೆಣ್ಣು ನೋಡಲು ಬಂದ ದಿನವೇ ಗಂಡಿನ ತಾಯಿ ನಗುತ್ತ ಹೇಳಿಹೋಗಿದ್ದರು: “ನಮ್ಮದು ಮನಿತುಂಬ ಮಂದಿ. ಪುಸ್ತಕ ಹಿಡಿಯಾಕ ಯಾರಿಗೂ ಪುರಸೊತ್ತಿಲ್ರಿ.” ಅಂದಿನಿಂದ ಅತ್ತೆಗೆ ಒಂದೇ ಹಟ, ತಲೆಯ ಮೇಲೆ ಮದುವೆಯ ಅಕ್ಕಿಕಾಳು ಬೀಳುವುದರೊಳಗೆ ಟ್ರಂಕು ಓದಿ ಮುಗಿಸಬೇಕು.

ಖಾರದ ಕೈಯಲ್ಲಿ ಪುಸ್ತಕ ಮುಟ್ಟುವಂತಿಲ್ಲ. ಹಾಗಾಗಿ ಐದನೇ ಇಯತ್ತೆಯ ನಾನು ಶಾಲೆ ಬಿಟ್ಟು ಬಂದವಳೇ ಚುರುಮುರಿ ಮುಕ್ಕುತ್ತ ಗಟ್ಟಿಯಾಗಿ ಓದಬೇಕು, ಅವರು ಕೇಳಬೇಕು. ಎಲ್ಲರೂ ಇದ್ದಾಗ ಕಾದಂಬರಿ. ಫಕೀರವ್ವ ಎದ್ದುಹೋದ ಮೇಲೆ ನಕ್ಷತ್ರದ್ದೋ ಹಾವಿನದೋ ಪುಸ್ತಕ.

“ಕಥಿ ಇಲ್ಲದ ಪುಸ್ತಕ ಉಪ್ಪಿಲ್ಲದ ಸಾರು ಇದ್ದಂಗ,” ಎಂದು ಅಜ್ಜಿ ಗೊಣಗುತ್ತಿದ್ದಳು. ಫಕೀರವ್ವನಿಗೆ ಕಾದಂಬರಿಯ ಗಂಡಂದಿರ ಮೇಲೆ ಸಿಟ್ಟು. “ಅವನ್ನ ಇಲ್ಲಿ ಕರಕೊಂಬಾ, ಎರಡ ಚೀಲ ಬಿಡಸ್ಲಿ,” ಎನ್ನುತ್ತಿದ್ದಳು.

ಓದಿ ಓದಿ ನನಗೆ ಸಾಕುಸಾಕಾಗಿತ್ತು. ಗಂಟಲಲ್ಲಿ ಘಾಟು, ಹೊರಗೆ ಗೆಳತಿಯರ ಕುಂಟಲಿಪಿ ಆಟದ ಗದ್ದಲ. “ಇನ್ನೊಂದ ಪುಟ, ನಮ್ಮವ್ವ,” ಎಂದು ಅತ್ತೆ ಅಂಗಲಾಚುವಳು. ಮದುವೆಗೆ ವಾರವಿರುವಾಗ ಒಂದು ದಪ್ಪ ಕಾದಂಬರಿಯ ನಡುವೆ ನಾನು ಗೋಡೆಗೊರಗಿ ನಿದ್ದೆಹೋದೆ. ಅತ್ತೆಗೆ ತಡೆಯಲಾಗಲಿಲ್ಲ. ವೇಲಿಗೆ ಕೈ ಒರೆಸಿಕೊಂಡು ತಾನೇ ಓದಲು ಕೂತಳು, ಮೈಮರೆತು ಕಣ್ಣುಜ್ಜಿಕೊಂಡಳು. ನನಗೆ ಎಚ್ಚರವಾದದ್ದು ಆಕೆ ಚೀರಿದಾಗ. ಹಾಲು, ತಣ್ಣೀರು, ಏನು ಹಾಕಿದರೂ ಕಣ್ಣು ಊದಿಕೊಂಡವು.

ಬಂದ ನೆಂಟರೆಲ್ಲ “ತವರ ಬಿಡೂ ಸಂಕಟ ನೋಡ್ರಿ, ಪಾಪ,” ಎಂದು ತಲೆ ಸವರಿದರು. ಅತ್ತೆ ಅಲ್ಲವೆನ್ನಲಿಲ್ಲ. ಕಾದಂಬರಿ ಅರ್ಧಕ್ಕೇ ನಿಂತಿತು, ಟ್ರಂಕಿನ ತಳದಲ್ಲಿ ಇನ್ನೂ ಏಳೆಂಟು ಉಳಿದವು. ಹೊರಡುವಾಗ ನನ್ನ ಕಿವಿಯಲ್ಲಿ, “ಪಂಚಮಿಗೆ ಬರ್ತೇನಿ. ಅಲ್ಲೀತನಕ ಮುಂದ ಓದಬ್ಯಾಡ,” ಎಂದಳು. ನಾನು ಓದಲಿಲ್ಲ.

ಪಂಚಮಿಗೆ ಬಂದಳು. ಉಂಡೆ, ಅಳ್ಳು ತಿಂದು, ಜೋಕಾಲಿಯ ಕಡೆ ತಿರುಗಿಯೂ ನೋಡದೆ ಚಾಪೆ ಹಾಸಿಕೊಂಡು ಅಡ್ಡಾದಳು. “ಓದವ್ವ, ಎಲ್ಲಿಗೆ ಬಿಟ್ಟಿದ್ವಿ?” ಎಂದಳು. ಎರಡು ಪುಟ ಓದಿ ತಲೆ ಎತ್ತಿದರೆ ಅತ್ತೆ ಬಾಯಿ ತೆರೆದು ನಿದ್ದೆಹೋಗಿದ್ದಳು. ಅಳು ಬಂದಂತಾಗಿ ಓದು ನಿಲ್ಲಿಸಿದೆ.

“ನಿಲ್ಲಸಬ್ಯಾಡ, ಎಚ್ಚರಾಕ್ಕಾಳ,” ಅಂದಳು ಅಜ್ಜಿ ಮೆಲ್ಲಗೆ. “ಭಾಳ ದಣದಾಳ.”

ನಾನು ಓದುತ್ತಲೇ ಹೋದೆ, ಕಥೆ ಮುಗಿಯುವ ತನಕ.

ಈಗ ನನ್ನ ಮನೆಯಲ್ಲೂ ಓದದ ಪುಸ್ತಕಗಳು ಒಟ್ಟಿಕೊಂಡಿವೆ. ಒಂದನ್ನು ತೆರೆದರೆ ಎರಡು ಪುಟಕ್ಕೆ ನನಗೂ ಕಣ್ಣು ಎಳೆಯುತ್ತವೆ. ಓದಿ ಮುಗಿಸಲೇಬೇಕೆಂಬ ಆ ಹಟ ಈಗ ನಮ್ಮಿಬ್ಬರಲ್ಲೂ ಉಳಿದಿಲ್ಲ. ಆ ಕಾದಂಬರಿಯ ಕೊನೆಗೆ ಏನಾಯಿತೆಂದು ಅತ್ತೆ ಇವತ್ತಿನವರೆಗೂ ನನ್ನನ್ನು ಕೇಳಿಲ್ಲ.