ಕೆಳಗಿನ ಮನೆಯ ಕಂಬದಜ್ಜ

ಅಲ್ಲ ಕಣೇ ಮರಿ, ನೀವೆಲ್ಲ ನನ್ನ ತಮ್ಮನಿಗೆ ಕಂಬದಜ್ಜ ಅಂತ ನಗ್ತೀರಲ್ಲ, ಅವನು ಯಾರ ಮದುವೆಗೆ ಹೋದರೂ ವಧೂವರರಿಗಿಂತ ಮೊದಲು ಕಂಬಗಳ ಯೋಗಕ್ಷೇಮ ವಿಚಾರಿಸುತ್ತಾನೆ. ಎತ್ತರದ ಕಟ್ಟಡಗಳ ಎಂಜಿನಿಯರು, ಏನು ಮಾಡುವುದು. "ಭೂಮಿ ನಡುಗಿದಾಗ ಕಟ್ಟಡ ಬಾಗಬೇಕು ಅಕ್ಕಾ, ಪಟ್ಟಂತ ಮುರೀಬಾರ್ದು" ಅಂತ ಊಟದ ನಡುವೆ ಬಗ್ಗಿಸಿ ತೋರಿಸಿ ನನ್ನ ಚಮಚಗಳೆಲ್ಲ ಸೊಟ್ಟಗಾಗಿವೆ. ಕೆಲಸದ ಜಾಗದಲ್ಲಂತೂ ಕಂಬದೊಳಗಿನ ಕಬ್ಬಿಣದ ಕಂಬಿಗಳಿಗೆ ಸುತ್ತಿದ ರಿಂಗುಗಳ ತುದಿಯನ್ನು ಕೊಕ್ಕೆಯ ಹಾಗೆ ಒಳಕ್ಕೆ ಮಡಚಿದ್ದಾರೋ ಇಲ್ಲವೋ ಎಂದು ಒಂದೊಂದನ್ನೂ ಮುಟ್ಟಿ ನೋಡುತ್ತಾನೆ. "ಏನ್ ಸಾರ್, ಹೆಣ್ಣು ನೋಡೋಕೆ ಬಂದೋರ ಥರ ನೋಡ್ತೀರಲ್ಲ" ಅಂತ ಮೇಸ್ತ್ರಿ ಅಂದರೂ ನಗುವುದಿಲ್ಲ. ಹೇಗೆ ನಕ್ಕಾನು? ಚಿಕ್ಕ ವಯಸ್ಸಿನಲ್ಲಿ ಕಟ್ಟಿಸಿದ ಮೊದಲ ಹತ್ತು ಮಹಡಿಯ ಕಟ್ಟಡದಲ್ಲಿ ಕೊಕ್ಕೆ ಮಡಚಿಲ್ಲ ಎಂದು ಗೊತ್ತಿದ್ದೂ, ನಾಳೆಯೇ ಕಾಂಕ್ರೀಟು ಹಾಕಬೇಕೆಂಬ ಅವಸರಕ್ಕೆ ಬಿದ್ದು ಸಹಿ ಹಾಕಿದ್ದ. ಜೋರಾಗಿ ನಡುಗಿದರೆ ಆ ರಿಂಗುಗಳು ಬಿಚ್ಚಿಕೊಂಡು ಕಂಬಗಳು ಸಿಡಿದು ಹೋಗುತ್ತವೆ. ಅದಕ್ಕೇ ಅವನು ಸ್ವಂತ ಮನೆ ಬಿಟ್ಟು, ಅದೇ ಕಟ್ಟಡದಲ್ಲಿ, ಹತ್ತೂ ಮಹಡಿಯ ಭಾರದ ಕೆಳಗೆ, ಒಬ್ಬನೇ ಬಾಡಿಗೆಗೆ ಇದ್ದಾನೆ. ಈಗ ಕಂಬಗಳಿಗೆ ಉಕ್ಕಿನ ಕವಚ ತೊಡಿಸಬೇಕು, ಎಲ್ಲರೂ ಆರು ತಿಂಗಳು ಮನೆ ಖಾಲಿ ಮಾಡಿಕೊಡಬೇಕು. ಬಾಗಿಲು ಬಾಗಿಲಿಗೂ ಹೋಗಿ ತನ್ನ ತಪ್ಪು ಹೇಳಿಕೊಂಡು, ಬೈಸಿಕೊಂಡು, ಒಪ್ಪಿಗೆ ತಂದಿದ್ದಾನೆ. ಒಪ್ಪದವಳು ಆರನೇ ಮಹಡಿಯ ನಿನ್ನ ಅತ್ತೆ ಒಬ್ಬಳೇ, ನನ್ನ ಹೊಟ್ಟೆಯಲ್ಲಿ ಹುಟ್ಟಿದವಳು. "ಇಷ್ಟು ವರ್ಷ ಬೀಳದ್ದು ಈಗ ಬೀಳುತ್ತೇನಮ್ಮಾ?" ಅಂತಾಳೆ. ಲಿಫ್ಟು ಕೆಟ್ಟು ಕೂತಿದೆ, ನನ್ನ ಮಂಡಿ ಅಷ್ಟು ಮೆಟ್ಟಿಲು ಹತ್ತುವುದಿಲ್ಲ. ತೊಗೋ ಈ ಒಪ್ಪಿಗೆ ಪತ್ರ, ಈಗಲೇ ಹೋಗು, ಅವಳು ಸಹಿ ಹಾಕುವವರೆಗೆ ಬಾಗಿಲು ಬಿಟ್ಟು ಕದಲಬೇಡ.