ಗುಲಾಬಿ ಗಿಡದ ವಿಭೂತಿ

ಗೆಳೆಯರೇ, ಇವತ್ತು ವಿದ್ಯಾನಗರದ ನಮ್ಮ ಮನೆಯ ಟೆರೇಸಿನಲ್ಲಿ ಪವಾಡವೇ ನಡೆಯಿತು. ಭದ್ರಾವತಿಯಿಂದ ಬಂದಿದ್ದ ಚಿಕ್ಕಮ್ಮ ಬಟ್ಟೆ ಒಣಗಹಾಕಲು ಮೇಲೆ ಹೋದವರು ಅಲ್ಲಿಂದಲೇ ಕೂಗಿದರು. "ಬಾರೇ ಮಾರಾಯ್ತಿ, ನಿನ್ನ ಗುಲಾಬಿ ಗಿಡದ ಮೇಲೆ ವಿಭೂತಿ ಉದುರಿದೆ!"

ನಾನು ಓಡಿಹೋಗುವಷ್ಟರಲ್ಲಿ ಎಲೆಯ ಮೇಲಿನ ಬಿಳಿ ಪುಡಿ ಅವರ ಹಣೆಗೆ ಏರಿತ್ತು.

"ಚಿಕ್ಕಮ್ಮ, ಅದು ಫಂಗಸ್ಸು. ಬೂದಿ ರೋಗ ಅಂತಾರೆ."

"ನೀನೇ ಬೂದಿ ಅಂತಿದೀಯಲ್ಲೇ! ವಿಭೂತಿ ಅಂದ್ರೆ ಮತ್ತೇನು?"

ರೋಗ ಹತ್ತಿದ ಎಲೆಗಳನ್ನು ತೆಗೆಯಲು ಕತ್ತರಿ ತಂದರೆ ಕುಂಡಕ್ಕೆ ಅಡ್ಡ ನಿಂತರು. ಪಕ್ಕದ ಗುಲಾಬಿಗೂ ಬಿಳಿ ಚುಕ್ಕೆ ಶುರುವಾಗಿತ್ತು. ಹುಳಿ ಮಜ್ಜಿಗೆಗೆ ನೀರು ಬೆರೆಸಿ ಸಿಂಪಡಿಸಿದರೆ ಈ ರೋಗ ಹತೋಟಿಗೆ ಬರುತ್ತದೆ. ಹಾಗಾಗಿ, "ಮಜ್ಜಿಗೆ ಅಭಿಷೇಕನಾದ್ರೂ ಮಾಡೋಣ್ವಾ?" ಎಂದೆ. ಚಿಕ್ಕಮ್ಮ ಖುಷಿಯಿಂದ ಸ್ಪ್ರೇ ಬಾಟಲಿ ಕಸಿದುಕೊಂಡು, ಮಂತ್ರ ಹೇಳುತ್ತಾ, ಎಲೆಗಳ ಅಡಿಯನ್ನೂ ಬಿಡದೆ ತೋಯಿಸಿದರು. ಇಷ್ಟು ಶ್ರದ್ಧೆಯಿಂದ ನಾನು ಯಾವತ್ತೂ ಔಷಧಿ ಹೊಡೆದಿಲ್ಲ.

"ಅಭಿಷೇಕ ಆದ್ಮೇಲೆ ಹಳೆ ಎಲೆ ನಿರ್ಮಾಲ್ಯ ಅಲ್ವಾ? ತೆಗೀಬೇಕು" ಎಂದೆ. ಅದಕ್ಕೂ ಒಪ್ಪಿದರು. ಕತ್ತರಿಸಿದ ಎಲೆಗಳನ್ನು ಆಮೇಲೆ ಸುಡೋಣವೆಂದು ಹೇಳಿ ಕವರಿಗೆ ತುಂಬಿಟ್ಟು, ಅವರನ್ನು ಬಸ್ಸು ಹತ್ತಿಸಿ ಬಂದೆ. ನೋಡಿದರೆ ಕವರ್ ಇಲ್ಲ. ಎಷ್ಟು ಫೋನ್ ಮಾಡಿದರೂ ತೆಗೆಯದ ಚಿಕ್ಕಮ್ಮ ಸಂಜೆ ತಾವೇ ಮಾಡಿದರು.

"ಪ್ರಸಾದನ ಯಾರಾದ್ರೂ ಸುಡ್ತಾರೇನೇ? ನಮ್ಮ ಬೀದೀಲಿ ಎಲ್ಲರಿಗೂ ಹಂಚಿದೆ. ಪಾಪ, ಭಕ್ತಿಯಿಂದ ಅವರವರ ಗುಲಾಬಿ ಬುಡಕ್ಕೆ ಹಾಕ್ಕೊಂಡ್ರು."

ಭದ್ರಾವತಿಯ ಗೆಳೆಯರೇ, ದಯವಿಟ್ಟು ಈ ವಾರ ಮನೆಯಲ್ಲಿರುವ ಮಜ್ಜಿಗೆಯನ್ನೆಲ್ಲ ಕುಡಿದು ಮುಗಿಸಬೇಡಿ.